ಬೇಟೆಗೆ ಮೊದಲ ಪಾಠ

ದೇವದುರ್ಗ ಬೇಡ ನಾಯಕರು ಆಳಿದ ಸೀಮೆ. ಬೇಟೆಗಾರನು ಮೊದಲು ಮೃಗದ ಹೆಜ್ಜೆ ನೋಡಬೇಕೆಂಬುದು ಅಲ್ಲಿಯವರಿಗೆ ಹೊಸ ಮಾತಲ್ಲ. ಇಂದು ಮಕ್ಕಳು ಪರದೆಯ ಮೇಲೆ ಆಡುವ ‘ಮಾನ್‌ಸ್ಟರ್ ಹಂಟರ್’ ಆಟಕ್ಕೂ ಇದೇ ಮಾತು ಸಲ್ಲುತ್ತದೆ. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ 2004ರಲ್ಲಿ ಆರಂಭಿಸಿದ ಈ ಮಾಲೆಯಲ್ಲಿ 2018ರ ‘ವರ್ಲ್ಡ್’ ಹೊಸಬರಿಗೆ ಒಳ್ಳೆಯ ಬಾಗಿಲು.

ಮಾನ್ವಿಯಿಂದ ರಾಯಚೂರಿಗೆ ಓದಲು ಬಂದ ಶಿಷ್ಯನೊಬ್ಬ, ಸೋತು ಸೋತು ಆಟವನ್ನೇ ಬಿಡುವೆನೆಂದ. ಅದರಲ್ಲಿ ಆಯುಧಗಳು 14 ಬಗೆ. ಅವನು ದಿನಕ್ಕೊಂದು ಹಿಡಿಯುತ್ತಿದ್ದ. “ಒಂದನ್ನೇ ಹಿಡಿ, ಮೊದಲ ದಿನ ಹೊಡೆಯಬೇಡ, ನೋಡು” ಎಂದೆ.

ಮೃಗವು ಏಟು ಹಾಕುವ ಮುನ್ನ ಮೈಯಲ್ಲಿ ಸನ್ನೆ ತೋರುತ್ತದೆ. ತೀರ ಗಾಯಗೊಂಡರೆ ಕುಂಟುತ್ತ ಗೂಡಿಗೆ ಸರಿಯುತ್ತದೆ. ಇಲ್ಲಿ ಬೇಟೆಗಾರನ ಬಲ ತಾನಾಗಿ ಬೆಳೆಯದು. ಗೆದ್ದ ಮೃಗದ ಚರ್ಮ, ಎಲುಬುಗಳಿಂದಲೇ ಹೊಸ ಕವಚ, ಹೊಸ ಆಯುಧ. ಹೊರಡುವ ಮುನ್ನ ಉಣ್ಣಬೇಕು. ಮೊಂಡಾದ ಅಲಗನ್ನು ನಡುವೆ ಮಸೆಯಬೇಕು. ಸಾಮಾನ್ಯವಾಗಿ ಮೂರು ಸಲ ಮೂರ್ಛೆ ಹೋದರೆ ಬೇಟೆ ಮುಗಿಯಿತು. ಒಬ್ಬನಿಂದ ಆಗದಿದ್ದರೆ ನಾಲ್ವರವರೆಗೆ ಕೂಡಿ ಹೋಗಬಹುದು.

ವಾರದ ಮೇಲೆ ಹುಡುಗ ಬಂದ. “ಸರ್, ಇವತ್ತೂ ಸೋತೆ. ಆದರೆ ಯಾಕೆ ಸೋತೆ ಅಂತ ಗೊತ್ತಾಯ್ತು” ಎಂದ. ವ್ಯಾಕರಣದಲ್ಲಾಗಲಿ ಬೇಟೆಯಲ್ಲಾಗಲಿ, ತಪ್ಪಿನ ಕಾರಣ ಕಂಡವನು ಅರ್ಧ ಗೆದ್ದಂತೆಯೇ.