ಹೆಸರಘಟ್ಟ: ನಲ್ಲಿ ಮರೆತ ಕೆರೆಗೆ ಭಾನುವಾರದ ನೆಂಟರು

ನಂದಿಬೆಟ್ಟದಲ್ಲಿ ಹುಟ್ಟಿ ಕನಕಪುರದ ಸಂಗಮದಲ್ಲಿ ಕಾವೇರಿ ಸೇರುವ ಅರ್ಕಾವತಿಗೆ ನಡುದಾರಿಯಲ್ಲಿ ಕಟ್ಟಿದ ಕಟ್ಟೆ ಹೆಸರಘಟ್ಟ. ಧರ್ಮಾಂಬುಧಿ, ಸಂಪಂಗಿ, ಹಲಸೂರು ಕೆರೆಗಳನ್ನೇ ನಂಬಿದ್ದ ಬೆಂಗಳೂರಿಗೆ ಊರಾಚೆಯಿಂದ ನೀರು ತರಲು ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೈಹಾಕಿದ್ದು ಇಲ್ಲಿ. 1894ರ ಯೋಜನೆ. ಇಟ್ಟಿಗೆಯ ಕಾಲುವೆಯಲ್ಲಿ ನೀರು ಇಳಿಜಾರು ಹಿಡಿದು ಸೋಲದೇವನಹಳ್ಳಿಗೆ ಬರುತ್ತಿತ್ತು. ಅಲ್ಲಿಂದ ಮೇಲಕ್ಕೆತ್ತಲು ಉಗಿಯಂತ್ರ. ಆಗ ವಿದ್ಯುತ್ ಎಲ್ಲಿತ್ತು, ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದೇ 1905ರಲ್ಲಿ!

ಮಳೆ ಕೈಕೊಟ್ಟಾಗ ಕೆರೆಯೂ ಕೈಕೊಟ್ಟಿತು. 1933ರಲ್ಲಿ ಅದೇ ನದಿಯ ಕೆಳಗಡೆ ತಿಪ್ಪಗೊಂಡನಹಳ್ಳಿ ಜಲಾಶಯ, 1974ರಲ್ಲಿ ಕಾವೇರಿ ನೀರು ಬಂದವು. ಇತ್ತ ಜಲಾನಯನದಲ್ಲಿ ನೀಲಗಿರಿ ತೋಪು, ಕೊಳವೆಬಾವಿಗಳು ಹೆಚ್ಚಿ, ರಾಜಕಾಲುವೆಗಳು ಮುಚ್ಚಿಹೋದವು. ಹಲವು ವರ್ಷ ಕೆರೆಯಂಗಳದಲ್ಲಿ ನೀರಿಗಿಂತ ಹುಲ್ಲೇ ಹೆಚ್ಚು. 2022ರ ಭಾರೀ ಮಳೆಗೆ ಕೆರೆ ತುಂಬಿದಾಗ ಏರಿಯ ಮೇಲೆ ಜಾತ್ರೆ ನೆರೆದಿತ್ತು.

ಆದರೆ ಇಲ್ಲಿಯ ನಿಜವಾದ ಸಿರಿ, ನನ್ನ ಲೆಕ್ಕದಲ್ಲಿ, ಕೆರೆಯ ಪಕ್ಕದ ಹುಲ್ಲುಗಾವಲು. ಸರ್ಕಾರಿ ಕಡತಕ್ಕೆ ಹುಲ್ಲು ಎಂದರೆ ಖಾಲಿ ಜಾಗ. 1970ರ ದಶಕದಲ್ಲಿ ಇದರ ಒಂದು ಭಾಗವನ್ನು ಚಿತ್ರನಗರಿಗೆಂದು ಗುರುತಿಸಿದ್ದರು. ಚಿತ್ರನಗರಿ ಬರಲಿಲ್ಲ, ಪುಣ್ಯಕ್ಕೆ ಹುಲ್ಲು ಉಳಿಯಿತು. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಬರುವ ಹ್ಯಾರಿಯರ್ ಗಿಡುಗಗಳು ಹುಲ್ಲಿನ ತುದಿ ಸವರುವಷ್ಟು ಕೆಳಗೆ ತೇಲುತ್ತವೆ, ನಡುನಡುವೆ ಮಾತ್ರ ರೆಕ್ಕೆ ಬಡಿಯುತ್ತವೆ. ರಾತ್ರಿ ಅವು ಮರ ಏರುವುದಿಲ್ಲ, ಹುಲ್ಲಿನ ನಡುವೆ ನೆಲದ ಮೇಲೆಯೇ ಮಲಗುತ್ತವೆ. ನೆಲಗುಬ್ಬಿ ಮೊಟ್ಟೆ ಇಡುವುದೂ ನೆಲದಲ್ಲೇ, ದನದ ಗೊರಸಿನ ಗುಳಿಯಷ್ಟು ಜಾಗದಲ್ಲಿ.

ವಾರಾಂತ್ಯದ ಗಲಾಟೆ ತಾಗುವುದು ಈ ನೆಲಕ್ಕೇ. ಸೈಕಲ್ಲಿನವರಿಂದ, ದುರ್ಬೀನು ಹಿಡಿದು ನಡೆಯುವವರಿಂದ ತೊಂದರೆಯಿಲ್ಲ. ಹತ್ತಿರದ ನೃತ್ಯಶಾಲೆ ನೃತ್ಯಗ್ರಾಮ ನೋಡಲು ಬಂದವರೂ ಏರಿ ಹತ್ತಿ ಗಾಳಿ ಕುಡಿದು ಹೋಗುತ್ತಾರೆ. ಜೀಪನ್ನು ಹುಲ್ಲಿಗಿಳಿಸಿ ಗಿರಗಿರ ತಿರುಗಿಸುವವರು, ಮದುವೆಗೆ ಮುಂಚಿನ ಫೋಟೊಗೆ ಡ್ರೋನ್ ಹಾರಿಸುವವರು ಬೇರೆ ಜಾತಿ. ಒಂದು ಟೈರು ಹಾದ ಗುರುತು ಮುಂದಿನ ಮಳೆಗೆ ಕೊರಕಲಾಗುತ್ತದೆ, ಮಣ್ಣು ನೇರ ಕೆರೆಗಿಳಿಯುತ್ತದೆ.

ಹೋಗುವುದಾದರೆ ಗಾಡಿಯನ್ನು ಡಾಂಬರು ರಸ್ತೆಯಲ್ಲೇ ನಿಲ್ಲಿಸಿ, ಕಾಲುದಾರಿ ಬಿಟ್ಟು ಆಚೀಚೆ ಹೋಗಬೇಡಿ. ಸೂರ್ಯ ಹುಟ್ಟುವ ಹೊತ್ತಿಗೆ ಅಲ್ಲಿರಿ. ಹುಲ್ಲುಗಾವಲಿನಲ್ಲಿ ನೆರಳು ಸಿಗುವುದಿಲ್ಲ, ನೀರಿನ ಬಾಟಲಿ ಮನೆಯಿಂದಲೇ ಒಯ್ಯಿರಿ, ಖಾಲಿಯಾದ ಮೇಲೆ ವಾಪಸ್ಸೂ ತನ್ನಿ.