ತೇರಿಗೆ ವಿನಾಯಿತಿ ಇತ್ತೇ?

ಲಾಕ್‌ಡೌನ್ ಮೇ 3ರವರೆಗೆ ಮುಂದಕ್ಕೆ ಹೋಗಿ ಇನ್ನೂ ಎರಡೇ ದಿನ. 2020ರ ಏಪ್ರಿಲ್ 16, ಗುರುವಾರ, ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ರಾವೂರದಲ್ಲಿ ಸಿದ್ಧಲಿಂಗೇಶ್ವರ ಜಾತ್ರೆಯ ತೇರು ಎಳೆದರು. ನೂರಾರು ಮಂದಿ ಸೇರಿದ್ದರು. ಪಕ್ಕದ ವಾಡಿಯಲ್ಲಿ ಆಗಲೇ ಸೋಂಕು ಕಾಣಿಸಿಕೊಂಡಿತ್ತು. ದೇಶದಲ್ಲಿ ಕೋವಿಡ್‌ಗೆ ಮೊದಲು ಬಲಿಯಾದವರೂ ಇದೇ ಕಲಬುರಗಿಯವರು, ಮಾರ್ಚ್ 10ರಂದು. ತೇರಿನ ದೃಶ್ಯ ರಾಷ್ಟ್ರೀಯ ಚಾನೆಲ್‌ಗಳಲ್ಲಿ ಬಂತು. ದೇವಸ್ಥಾನದ ಸಮಿತಿಯವರ ಮೇಲೆ ಕೇಸಾಯಿತು, ಕರ್ತವ್ಯಲೋಪದ ಆರೋಪದಲ್ಲಿ ಅಧಿಕಾರಿಗಳ ಅಮಾನತೂ ಆಯಿತು.

ರೋಗ ಹಬ್ಬಿದಾಗ ಕಾನೂನು ಹೇಗೆ ನಡೆಯುತ್ತದೆ ಎಂಬ ಬಗ್ಗೆ ಸೇಡಂ, ಶಹಾಬಾದ್, ಚಿಂಚೋಳಿ ಕಡೆಯ ಕಟ್ಟೆಗಳ ಮೇಲೆ ಕೇಳಿಬರುವ ಅರ್ಧಂಬರ್ಧ ಮಾತುಗಳನ್ನು ಈ ಒಂದು ಪ್ರಕರಣದ ಜೊತೆಗಿಟ್ಟು ನೋಡಬಹುದು.

“ದೇವರ ಕೆಲಸಕ್ಕ ಯಾವ ಅಡ್ಡಿ ರೀ?”

ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ಮಾತಿದು. 2020ರ ಮಾರ್ಚ್ 24ರ ಕೇಂದ್ರ ಗೃಹ ಇಲಾಖೆಯ ಮಾರ್ಗಸೂಚಿ ಪೂಜಾಸ್ಥಳಗಳನ್ನು ಸಾರ್ವಜನಿಕರಿಗೆ ಮುಚ್ಚಿಸಿತ್ತು. ಧಾರ್ಮಿಕ ಸಭೆ-ಸಮಾರಂಭಕ್ಕೆ ಯಾವ ವಿನಾಯಿತಿಯೂ ಇಲ್ಲ ಎಂದು ಬಿಡಿಸಿಯೇ ಬರೆದಿತ್ತು. ಮಣ್ಣಿಗೆ ಹೋಗುವವರೂ 20 ಮಂದಿ ದಾಟುವಂತಿರಲಿಲ್ಲ. ಹಾಗಾದರೆ ಧರ್ಮದ ಸ್ವಾತಂತ್ರ್ಯ? ಸಂವಿಧಾನದ 25ನೇ ವಿಧಿ ಆ ಹಕ್ಕು ಕೊಡುವ ಮುಂಚೆಯೇ ಒಂದು ಷರತ್ತು ಹಾಕುತ್ತದೆ: ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟು. ಆರೋಗ್ಯ ಎಂಬ ಪದ ಕೋವಿಡ್ ಬಂದ ಮೇಲೆ ಸೇರಿಸಿದ್ದಲ್ಲ, 1950ರಿಂದಲೇ ಅಲ್ಲಿದೆ. ಗರ್ಭಗುಡಿಯೊಳಗೆ ಪೂಜಾರಿ ಒಬ್ಬರೇ ದೀಪ ಹಚ್ಚುವುದನ್ನು ಆ ಆದೇಶ ತಡೆದಿರಲಿಲ್ಲ. ತಡೆದದ್ದು ಮಂದಿ ಗುಂಪುಗೂಡುವುದನ್ನು. ತೇರೆಂದರೆ ಒಬ್ಬರ ಬೆನ್ನಿಗೆ ಒಬ್ಬರು ಅಂಟಿ, ಒಂದೇ ಹಗ್ಗಕ್ಕೆ ಕೈ ಹಾಕಿ ಎಳೆಯುವಂಥದ್ದು. ಹತ್ತು ಜನರಿಂದ ಅದು ಜಗ್ಗುವುದಿಲ್ಲ.

“ಪೊಲೀಸರು ಹೇಳಿದ್ದೇ ಕಾನೂನು”

ಇದೂ ತಪ್ಪೇ. ಜಿಲ್ಲೆಯಲ್ಲಿ ಇಂಥ ಆದೇಶ ಹುಟ್ಟುವುದು ಠಾಣೆಯಲ್ಲಲ್ಲ, ಜಿಲ್ಲಾಧಿಕಾರಿಯ ಕಚೇರಿಯಲ್ಲಿ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಅವರೇ ಅಧ್ಯಕ್ಷರು. ಸಾಂಕ್ರಾಮಿಕ ರೋಗದ ವಿಷಯದಲ್ಲಿ ಮೊದಲು ಆಧಾರವಾಗಿದ್ದದ್ದು 1897ರ ಕಾಯ್ದೆ. ಮುಂಬಯಿಯಲ್ಲಿ ಪ್ಲೇಗು ಎದ್ದಾಗ ಬ್ರಿಟಿಷರು ಅವಸರದಲ್ಲಿ ಮಾಡಿದ, ನಾಲ್ಕೇ ಕಲಮುಗಳ ಪುಟ್ಟ ಕಾನೂನು. 2020ರಲ್ಲಿ ಕರ್ನಾಟಕ ತನ್ನದೇ ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿಕೊಂಡಿತು. ತಾಲ್ಲೂಕಿನಲ್ಲಿ ಕಾರ್ಯನಿರ್ವಾಹಕ ದಂಡಾಧಿಕಾರಿ ತಹಶೀಲ್ದಾರ್. ಪೊಲೀಸರ ಕೆಲಸ ಆ ಬರಹದ ಆದೇಶವನ್ನು ಜಾರಿ ಮಾಡುವುದು. ಯಾವ ಓಣಿ, ಎಂದಿನಿಂದ ಎಂದಿನವರೆಗೆ, ಯಾರಿಗೆ ರಿಯಾಯಿತಿ ಎಂಬುದೆಲ್ಲ ಅದರಲ್ಲಿ ಇರಬೇಕು. ರಸ್ತೆಯಲ್ಲಿ ಬಸ್ಕಿ ಹೊಡೆಸುವುದು, ಮೊಣಕಾಲಿಗೆ ಲಾಠಿ ಬೀಸುವುದು ಯಾವ ಕಾಯ್ದೆಯಲ್ಲೂ ಬರೆದ ಶಿಕ್ಷೆಯಲ್ಲ. ಆಗ ಅದನ್ನು ವಿಡಿಯೊದಲ್ಲಿ ನೋಡಿ ನಕ್ಕವರೇ ಹೆಚ್ಚು. ನಗುವ ವಿಷಯ ಅದಾಗಿರಲಿಲ್ಲ.

ಊರಿನವರೇ ದಾರಿಗೆ ಮುಳ್ಳುಕಂಟಿ ಹಚ್ಚಿ, ರಸ್ತೆ ಅಗೆದು “ಹೊರಗಿನವರಿಗೆ ಪ್ರವೇಶವಿಲ್ಲ” ಎಂದು ಬೋರ್ಡು ತೂಗಿದ್ದಕ್ಕೂ ಇದೇ ಉತ್ತರ. ಅಂಜಿಕೆ ಅರ್ಥವಾಗುತ್ತದೆ. ಆದರೆ ಪಂಚರಿಗೆ ಊರು ಮುಚ್ಚುವ ಅಧಿಕಾರವಿಲ್ಲ. ಸರ್ಕಾರ ಸೀಲ್ ಮಾಡಿದ ಪ್ರದೇಶದೊಳಕ್ಕೂ ಆಂಬುಲೆನ್ಸ್ ಬರಬೇಕು, ರೇಷನ್ ಬರಬೇಕು. ಆ ಕಂಟಿ ತಡೆದದ್ದು ರೋಗವನ್ನಲ್ಲ, ಹೆರಿಗೆಗೆ ಹೊರಟ ಹೆಂಗಸಿನ ಗಾಡಿಯನ್ನಾಗಿರಬಹುದು.

“ಕೇಸು ಬಿತ್ತಂದ್ರ ಜೈಲೇ”, ಇಲ್ಲವೇ “ಏನೂ ಆಗಂಗಿಲ್ಲ ಬಿಡ್ರಿ”

ಎರಡೂ ಪೂರ್ತಿ ನಿಜವಲ್ಲ. ಆಗ ಹೆಚ್ಚು ಬಳಕೆಯಾದದ್ದು ಭಾರತೀಯ ದಂಡ ಸಂಹಿತೆಯ 188ನೇ ಕಲಂ, ಅಂದರೆ ಸರ್ಕಾರಿ ಅಧಿಕಾರಿಯ ಆದೇಶ ಮೀರುವುದು. ಜನರ ಜೀವಕ್ಕೆ ಅಪಾಯ ತರುವಂತಿದ್ದರೆ ಆರು ತಿಂಗಳವರೆಗೆ ಸಜೆ ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ 223ನೇ ಕಲಂ. ಸಜೆ ಒಂದು ವರ್ಷದವರೆಗೆ, ದಂಡ 5,000ದವರೆಗೆ ಏರಿದೆ. ಅಜಾಗರೂಕತೆಯಿಂದ ರೋಗ ಹರಡುವುದು ಬೇರೆಯೇ ಅಪರಾಧ. ಅದಕ್ಕೂ ಆರು ತಿಂಗಳವರೆಗೆ ಸಜೆ ಇದೆ.

ಹಗ್ಗ ಹಿಡಿದವರಿಗೂ ಠಾಣೆಯವರಿಗೂ ಅಷ್ಟಾಗಿ ಗೊತ್ತಿರದ ಒಂದು ಗಂಟು ಇಲ್ಲಿದೆ. 188ರಂಥ ಕೇಸಿನಲ್ಲಿ ಎಫ್‌ಐಆರ್ ಒಂದಿದ್ದರೆ ಸಾಲದು. ಆದೇಶ ಹೊರಡಿಸಿದ ಅಧಿಕಾರಿ ಅಥವಾ ಅವರ ಮೇಲಿನವರು ನ್ಯಾಯಾಲಯಕ್ಕೆ ಲಿಖಿತ ದೂರು ಕೊಡಬೇಕು. ಹಳೆಯ ಸಿಆರ್‌ಪಿಸಿಯ 195ನೇ ಕಲಂ ಹೇಳುತ್ತಿದ್ದದ್ದು ಇದನ್ನೇ, ಅದರ ಜಾಗಕ್ಕೆ ಬಂದ ಹೊಸ ಸಂಹಿತೆಯೂ ಇದನ್ನೇ ಹೇಳುತ್ತದೆ. ಆ ಕಾಗದ ಇಲ್ಲದಿದ್ದರೆ ಕೇಸು ನಿಲ್ಲುವುದಿಲ್ಲ. ಕೇಸು ಹಾಕಿದ ದಿನ ದೊಡ್ಡ ಸುದ್ದಿಯಾಗಿ, ಆಮೇಲೆ ಸದ್ದಿಲ್ಲದೆ ಬಿದ್ದುಹೋಗುವುದಕ್ಕೆ ಆರೋಪಿಯ ವಶೀಲಿಯೊಂದೇ ಕಾರಣವಲ್ಲ, ಕಚೇರಿಯ ಕಾಗದಪತ್ರದ ಸೋಮಾರಿತನವೂ ಕಾರಣ. ಹಾಗೆಂದು ಜಾತ್ರೆ ಮಾಡಿಸಿದವರಷ್ಟೇ ಹೊಣೆಗಾರರು ಎಂದೂ ತಿಳಿಯಬೇಕಿಲ್ಲ. ನೋಡಿಯೂ ಸುಮ್ಮನಿದ್ದ ಅಧಿಕಾರಿಗೂ ಬಿಸಿ ತಟ್ಟುತ್ತದೆ ಎಂಬುದನ್ನು ರಾವೂರದ ಅಮಾನತು ತೋರಿಸಿತು. ಜನ ತೇರನ್ನು ನೆನಪಿಟ್ಟುಕೊಂಡಷ್ಟು ಇದನ್ನು ಇಟ್ಟುಕೊಳ್ಳಲಿಲ್ಲ.

“ಕ್ವಾರಂಟೈನ್ ಅಂದ್ರ ರೋಗಿಗೆ ಶಿಕ್ಷೆ”

ರೋಗ ಖಚಿತವಾದವರನ್ನು ಬೇರೆ ಇಡುವುದು ಐಸೋಲೇಷನ್. ಸೋಂಕು ತಗುಲಿರಬಹುದಾದ, ಆದರೆ ಚೆನ್ನಾಗಿಯೇ ಇರುವವರನ್ನು ಕಾದು ನೋಡುವುದು ಕ್ವಾರಂಟೈನ್. 2020ರ ಮೇನಲ್ಲಿ ಮುಂಬೈ, ಪುಣೆಯಿಂದ ವಾಪಸಾದ ಕೂಲಿಕಾರರನ್ನು ಸರ್ಕಾರಿ ಶಾಲೆ, ಹಾಸ್ಟೆಲ್‌ಗಳಲ್ಲಿ ಇಟ್ಟದ್ದು ಎರಡನೆಯದು. ದುಡಿಯಲು ಹೋದವರು ತಮ್ಮ ಊರಿನ ಶಾಲೆಯ ಕಿಟಕಿಯೊಳಗಿನಿಂದ ಹೊರಗೆ ನಿಂತ ಮಕ್ಕಳ ಜೊತೆ ಮಾತಾಡಬೇಕಾಯಿತು. ಶಿಕ್ಷೆ ಎನ್ನಿಸಿದ್ದರೆ ಅವರ ತಪ್ಪಲ್ಲ. ಮನೆಯಲ್ಲೇ ಇರಬೇಕಾದವರ ಕೈಗೆ ಅಳಿಸದ ಶಾಯಿಯ ಮುದ್ರೆ ಬಿತ್ತು. ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಆ್ಯಪ್‌ಗೆ ಕಳಿಸಬೇಕೆಂಬ ನಿಯಮವೂ ಬಂತು. ನೆಟ್‌ವರ್ಕ್ ಸಿಗದ ಚಿಂಚೋಳಿಯ ತಾಂಡಾಗಳಲ್ಲಿ ಕಾವಲು ಕಾಯ್ದದ್ದು ಆ್ಯಪ್ ಅಲ್ಲ, ಮನೆಮನೆ ಬಾಗಿಲು ಬಡಿದ ಆಶಾ ಕಾರ್ಯಕರ್ತೆಯರು. ಅವರ ಮೇಲೆ ಕೈ ಮಾಡಿದರೆ 1897ರ ಕಾಯ್ದೆಗೆ ಕೇಂದ್ರ 2020ರಲ್ಲಿ ತಂದ ತಿದ್ದುಪಡಿಯಂತೆ ಮೂರು ತಿಂಗಳಿನಿಂದ ಐದು ವರ್ಷದವರೆಗೆ ಸಜೆ.

ಸೋಂಕಿತರ ಮನೆ ಬಾಗಿಲಿಗೆ ಪೋಸ್ಟರ್ ಅಂಟಿಸುವುದು ಕಡ್ಡಾಯ ಎಂದು ಈಗಲೂ ನಂಬಿರುವವರಿದ್ದಾರೆ. ಸಕ್ಷಮ ಪ್ರಾಧಿಕಾರ ವಿಪತ್ತು ನಿರ್ವಹಣಾ ಕಾಯ್ದೆಯಡಿ ನಿರ್ದಿಷ್ಟವಾಗಿ ಹೇಳಿದ ಹೊರತು ಅಂಟಿಸುವಂತಿಲ್ಲ ಎಂದು 2020ರ ಡಿಸೆಂಬರ್ 9ರಂದೇ ಸುಪ್ರೀಂ ಕೋರ್ಟ್ ಹೇಳಿದೆ.

“ಕೊರೊನಾ ಹೋತು, ಕಾನೂನೂ ಹೋತು”

ಹೋಗಿಲ್ಲ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಹುಟ್ಟಲು ಬಿಟ್ಟವರಿಗೆ ದಂಡ ಗೊತ್ತುಮಾಡಿತು. ಪಟ್ಟಣದ ಮನೆಗೆ 400, ಹಳ್ಳಿಯ ಮನೆಗೆ 200 ರೂಪಾಯಿ. ಅಂಗಡಿ, ವಾಣಿಜ್ಯ ಜಾಗಗಳಿಗೆ 1,000 ಮತ್ತು 500. ಕಟ್ಟಡ ಕಟ್ಟುವ ಜಾಗಕ್ಕೆ 2,000 ಮತ್ತು 1,000. ಡೆಂಗಿಯ ಸೊಳ್ಳೆ ಚರಂಡಿಯದಲ್ಲ. ಸ್ವಚ್ಛ ನೀರಿನ ತೊಟ್ಟಿ, ಡ್ರಮ್ಮು, ಕೂಲರ್‌ಗಳಲ್ಲಿ ಮೊಟ್ಟೆಯಿಟ್ಟು ಹೆಚ್ಚುಕಡಿಮೆ ವಾರ, ಹತ್ತು ದಿನದಲ್ಲಿ ರೆಕ್ಕೆ ಬಿಚ್ಚುತ್ತದೆ. ವಾರಕ್ಕೊಮ್ಮೆ ಡ್ರಮ್ಮು ತಿಕ್ಕಿ ಒಣಗಿಸಿ ಎನ್ನುವುದು ಅದಕ್ಕೇ. ಬೇಸಿಗೆಯಲ್ಲಿ ನಲ್ಲಿ ನೀರಿಗೆ ದಿನಗಟ್ಟಲೆ ಕಾಯುವ ಮನೆಯವರಿಗೆ ತುಂಬಿಟ್ಟ ನೀರು ಚೆಲ್ಲಿ ಎನ್ನುವುದು ಕಷ್ಟದ ಮಾತು. ಅವರಿಗೆ ದಂಡ ಹಾಕುವ ಮೊದಲು ನೀರು ಬಿಡುವವರು ತಮ್ಮ ಲೆಕ್ಕ ಕೊಡಬೇಕು. ಅಲ್ಲಿಯವರೆಗೆ ಡ್ರಮ್ಮಿನ ಬಾಯಿಗೆ ಹಳೇ ಧೋತರ ಬಿಗಿಯಾಗಿ ಕಟ್ಟಿದರೂ ಸೊಳ್ಳೆ ಒಳಗೆ ಇಳಿಯುವುದಿಲ್ಲ. ದಂಡ ಕಟ್ಟುವ ಪ್ರಸಂಗ ಬಂದರೆ ರಸೀದಿ ಕೇಳಿ ಪಡೆಯಿರಿ.