ವಿನೋದಚಿತ್ರಕ್ಕೆ ನಿರ್ದೇಶಕನ ಮತ್ತು ಪಾತ್ರವರ್ಗದ ಆಯ್ಕೆ: ‘ದಿ ಫಿಲಡೆಲ್ಫಿಯ ಸ್ಟೋರಿ’ಯ ನಿದರ್ಶನ

ಶಾಸನವೊಂದನ್ನು ಓದುವಾಗ ಅದರ ಕೊನೆಯಲ್ಲಿ ಬರುವ ಸಾಕ್ಷಿಗಳ ಹೆಸರುಗಳನ್ನೂ, ಬರೆದವನ ಮತ್ತು ಕಂಡರಿಸಿದವನ ಹೆಸರುಗಳನ್ನೂ ನಾವು ಎಚ್ಚರದಿಂದ ಗಮನಿಸುತ್ತೇವೆ. ಯಾರ ಹೆಸರು ಮೊದಲು ಬಂದಿದೆ, ಯಾರಿಗೆ ಯಾವ ವಿಶೇಷಣ ಸಂದಿದೆ ಎಂಬುದರಿಂದ ಆ ಕಾಲದ ಅಧಿಕಾರದ ಶ್ರೇಣಿಯನ್ನು ಊಹಿಸುವುದು ನಮಗೆ ರೂಢಿಯಾಗಿದೆ. ಆದರೆ ಚಲಚ್ಚಿತ್ರವೊಂದರ ಆರಂಭದಲ್ಲಿ ತೆರೆಯ ಮೇಲೆ ಮೂಡುವ ನಾಮಾವಳಿಯನ್ನು ಆಕರವೆಂದು ಪರಿಗಣಿಸುವ ಅಭ್ಯಾಸ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಅದೂ ಒಂದು ಬಗೆಯ ಶಾಸನವೇ; ಅದರ ಹಿಂದೆಯೂ ಕರಾರುಗಳಿವೆ, ವ್ಯಾಜ್ಯಗಳಿವೆ, ಸಂಧಾನಗಳಿವೆ. ನಗಿಸುವ ಚಿತ್ರವೊಂದಕ್ಕೆ ನಿರ್ದೇಶಕನನ್ನೂ ನಟರನ್ನೂ ಆರಿಸುವ ಹಕ್ಕು ಯಾರದು, ಆ ಹಕ್ಕು ಕೈಬದಲಾದಾಗ ಚಿತ್ರದ ಸ್ವರೂಪದಲ್ಲಿ ಏನು ವ್ಯತ್ಯಾಸವಾಗುತ್ತದೆ ಎಂಬ ಪ್ರಶ್ನೆಯನ್ನು 1940ರ ಅಮೆರಿಕನ್ ಚಿತ್ರವಾದ ‘ದಿ ಫಿಲಡೆಲ್ಫಿಯ ಸ್ಟೋರಿ’ಯ ಮೂಲಕ ವಿವೇಚಿಸುವುದು ಈ ಲೇಖನದ ಉದ್ದೇಶ.

ಮೊದಲು ಆ ಕಾಲದ ವ್ಯವಸ್ಥೆಯನ್ನು ಸ್ವಲ್ಪ ತಿಳಿಯಬೇಕು. 1930ರ ದಶಕದ ಹಾಲಿವುಡ್‌ನಲ್ಲಿ ನಟನಾಗಲಿ ನಿರ್ದೇಶಕನಾಗಲಿ ಬಹುಮಟ್ಟಿಗೆ ಒಂದು ಸ್ಟುಡಿಯೋದ ಸಂಬಳದ ಆಳು. ಕರಾರಿನ ಅವಧಿ ಸಾಮಾನ್ಯವಾಗಿ ಏಳು ವರ್ಷ. ಯಾವ ಚಿತ್ರದಲ್ಲಿ, ಯಾರ ಕೈಕೆಳಗೆ, ಯಾವ ಪಾತ್ರ ಎಂಬುದನ್ನು ಸ್ಟುಡಿಯೋ ನಿರ್ಧರಿಸುತ್ತಿತ್ತು. ಒಲ್ಲೆನೆಂದ ನಟನ ಸಂಬಳ ನಿಲ್ಲುತ್ತಿತ್ತು. ಹಾಗೆ ನಿಂತ ಕಾಲವನ್ನು ಕರಾರಿನ ಅವಧಿಗೆ ಸೇರಿಸುವ ಪದ್ಧತಿಯೂ ಇತ್ತು. ಒಂದು ಸ್ಟುಡಿಯೋ ತನ್ನ ನಟನನ್ನು ಇನ್ನೊಂದಕ್ಕೆ ಎರವಲು ಕೊಟ್ಟು ಲಾಭ ಮಾಡಿಕೊಳ್ಳುವುದೂ ಉಂಟು. ನಮ್ಮ ವೃತ್ತಿನಾಟಕ ಕಂಪನಿಗಳ ಇತಿಹಾಸವನ್ನು ಬಲ್ಲವರಿಗೆ ಯಜಮಾನನೇ ಪಾತ್ರ ಹಂಚುವ ಕ್ರಮ ಹೊಸದೇನಲ್ಲ. ಆದರೆ ಗುಬ್ಬಿ ವೀರಣ್ಣನವರಂತಹ ಯಜಮಾನರು ಸ್ವತಃ ರಂಗದ ಮೇಲೆ ನಿಂತು ಪ್ರೇಕ್ಷಕರನ್ನು ನಗಿಸುತ್ತಿದ್ದವರು, ಎಂ.ಜಿ.ಎಂ. ಸ್ಟುಡಿಯೋದ ಲೂಯಿ ಬಿ. ಮೇಯರ್ ಕಚೇರಿಯಲ್ಲಿ ಕುಳಿತು ಆಳಿದವನು. ಈ ಅಂತರ ಸಣ್ಣದಲ್ಲ.

ಇಂತಹ ವ್ಯವಸ್ಥೆಯೊಳಗೆ ಒಬ್ಬ ನಟಿ, ಅದೂ ಮಾರುಕಟ್ಟೆಯಲ್ಲಿ ಬೆಲೆ ಕಳೆದುಕೊಂಡಿದ್ದ ನಟಿ, ನಿರ್ದೇಶಕನನ್ನೂ ಸಹನಟರನ್ನೂ ಒಪ್ಪುವ ಬಿಡುವ ಹಕ್ಕನ್ನು ಪಡೆದಳೆಂಬುದೇ ನಮ್ಮ ನಿದರ್ಶನದ ಮಹತ್ವ. ಕ್ಯಾಥರಿನ್ ಹೆಪ್‌ಬರ್ನ್ 1933ರ ‘ಮಾರ್ನಿಂಗ್ ಗ್ಲೋರಿ’ ಚಿತ್ರದ ಅಭಿನಯಕ್ಕಾಗಿ ಅಕಾಡೆಮಿ ಪ್ರಶಸ್ತಿಯನ್ನು ಗಳಿಸಿದ್ದವಳು. ಅನಂತರದ ಹಲವು ಚಿತ್ರಗಳು ಸೋತವು. 1938ರಲ್ಲಿ ಬಂದ ‘ಬ್ರಿಂಗಿಂಗ್ ಅಪ್ ಬೇಬಿ’ ಇಂದು ವಿನೋದಚಿತ್ರಗಳ ಸಾಲಿನಲ್ಲಿ ಅಗ್ರಸ್ಥಾನದಲ್ಲಿದೆ, ಅಂದು ಆರ್.ಕೆ.ಓ. ಸ್ಟುಡಿಯೋಗೆ ನಷ್ಟವನ್ನೇ ತಂದಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ಸ್ವತಂತ್ರ ಚಿತ್ರಮಂದಿರಗಳ ಮಾಲೀಕರ ಸಂಘವೊಂದು ಚಿತ್ರೋದ್ಯಮದ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಟಿಕೆಟ್ಟಿನ ಗಲ್ಲೆಗೆ ವಿಷಪ್ರಾಯರಾದವರೆಂದು ಕೆಲವು ತಾರೆಯರನ್ನು ಹೆಸರಿಸಿತು. ಗ್ರೇಟಾ ಗಾರ್ಬೊ, ಜೋನ್ ಕ್ರಾಫರ್ಡ್, ಮರ್ಲೀನ್ ಡೀಟ್ರಿಕ್ ಮೊದಲಾದವರೊಡನೆ ಹೆಪ್‌ಬರ್ನಳ ಹೆಸರೂ ಅದರಲ್ಲಿತ್ತು. ಸ್ಟುಡಿಯೋ ಮುಂದೊಡ್ಡಿದ ಕೆಳದರ್ಜೆಯ ಚಿತ್ರವನ್ನು ಒಪ್ಪದೆ ಆಕೆ ಕೈಯಿಂದ ಹಣ ತೆತ್ತು ಕರಾರಿನಿಂದ ಬಿಡಿಸಿಕೊಂಡಳು.

ಆಗ ನೆರವಿಗೆ ಬಂದದ್ದು ರಂಗಭೂಮಿ. ನಾಟಕಕಾರ ಫಿಲಿಪ್ ಬ್ಯಾರಿ ಆಕೆಯನ್ನೇ ಕಣ್ಣಮುಂದಿಟ್ಟುಕೊಂಡು ಬರೆದ ‘ದಿ ಫಿಲಡೆಲ್ಫಿಯ ಸ್ಟೋರಿ’ 1939ರ ಮಾರ್ಚ್ 28ರಂದು ನ್ಯೂಯಾರ್ಕಿನ ಶುಬರ್ಟ್ ರಂಗಮಂದಿರದಲ್ಲಿ ಪ್ರಾರಂಭವಾಗಿ 417 ಪ್ರಯೋಗಗಳನ್ನು ಕಂಡಿತು. ಆಕೆ ನಿಗದಿಯಾದ ಸಂಬಳಕ್ಕೆ ಬದಲಾಗಿ ಗಳಿಕೆಯಲ್ಲಿ ಪಾಲನ್ನು ಒಪ್ಪಿಕೊಂಡಿದ್ದಳು. ಚಲಚ್ಚಿತ್ರದ ಹಕ್ಕುಗಳನ್ನು ಆಕೆಯ ಸ್ನೇಹಿತ, ವಿಮಾನೋದ್ಯಮಿ ಹೋವರ್ಡ್ ಹ್ಯೂಸ್ ಕೊಂಡು ಆಕೆಗೆ ಕೊಟ್ಟನು. ನಾಟಕ ಜಯಭೇರಿ ಹೊಡೆದಮೇಲೆ ಸ್ಟುಡಿಯೋಗಳಿಗೆ ಕಥೆ ಬೇಕಾಯಿತು, ನಟಿ ಬೇಕಾಗಿರಲಿಲ್ಲ. ಆದರೆ ಕಥೆಯ ಒಡೆತನ ನಟಿಯ ಬಳಿ ಇತ್ತು. ಎಂ.ಜಿ.ಎಂ.ಗೆ ಹಕ್ಕನ್ನು ಮಾರುವಾಗ ನಾಯಕಿಯ ಪಾತ್ರ ತನಗೇ ಸಲ್ಲಬೇಕು, ನಿರ್ಮಾಪಕ, ನಿರ್ದೇಶಕ, ಚಿತ್ರಕಥಾಕಾರ, ಸಹನಟರು ತನಗೆ ಒಪ್ಪಿಗೆಯಾದವರೇ ಆಗಿರಬೇಕು ಎಂಬ ನಿಬಂಧನೆಗಳನ್ನು ಆಕೆ ವಿಧಿಸಿದಳು. ಹಣಕ್ಕಿಂತ ಈ ನಿಬಂಧನೆಯೇ ಆಕೆಗೆ ಮುಖ್ಯವಾಗಿತ್ತು.

ನಿರ್ದೇಶಕನಾಗಿ ಆಕೆ ಬಯಸಿದ್ದು ಜಾರ್ಜ್ ಕ್ಯೂಕರ್‌ನನ್ನು. ಸ್ನೇಹವೊಂದನ್ನೇ ಕಾರಣವೆಂದರೆ ಅದು ಅರ್ಧಸತ್ಯವಾದೀತು. 1932ರಲ್ಲಿ ಆಕೆಯ ಮೊದಲ ಚಿತ್ರವನ್ನು ನಿರ್ದೇಶಿಸಿದವನು ಅವನೇ. ‘ಲಿಟಲ್ ವಿಮೆನ್’ನಂತಹ ಜಯವನ್ನೂ ‘ಸಿಲ್ವಿಯಾ ಸ್ಕಾರ್ಲೆಟ್’ನಂತಹ ಘೋರ ಸೋಲನ್ನೂ ಇಬ್ಬರೂ ಕೂಡಿ ಉಂಡಿದ್ದರು. ಬ್ಯಾರಿಯ ಇನ್ನೊಂದು ನಾಟಕವಾದ ‘ಹಾಲಿಡೇ’ಯನ್ನು 1938ರಲ್ಲಿ ಇದೇ ನಿರ್ದೇಶಕ ಇದೇ ನಟಿಯೊಡನೆ ತೆರೆಗೆ ತಂದಿದ್ದನು. ಆ ಚಿತ್ರಕಥೆಯಲ್ಲಿ ಭಾಗಿಯಾಗಿದ್ದ ಡೊನಾಲ್ಡ್ ಆಗ್ಡನ್ ಸ್ಟುವರ್ಟನೇ ಈಗಿನ ಚಿತ್ರಕಥೆಯನ್ನೂ ಬರೆದನು. ಬ್ಯಾರಿಯ ನಾಟಕಗಳಲ್ಲಿ ನಗೆ ಹುಟ್ಟುವುದು ಬೀಳುವುದರಿಂದ ಏಳುವುದರಿಂದ ಅಲ್ಲ, ಮಾತಿನಿಂದ. ಅದರಲ್ಲಿಯೂ ಒಬ್ಬರ ಮಾತು ಮುಗಿಯುವ ಮುನ್ನ ಇನ್ನೊಬ್ಬರ ಮುಖದಲ್ಲಿ ಆಗುವ ಬದಲಾವಣೆಯಿಂದ. ರಂಗಭೂಮಿಯಲ್ಲಿ ಪ್ರೇಕ್ಷಕರ ನಗೆ ಅಡಗುವವರೆಗೆ ನಟ ಕಾಯಬಹುದು. ಚಿತ್ರೀಕರಣದ ಸ್ಥಳದಲ್ಲಿ ನಗುವವರೇ ಇಲ್ಲ. ಎಷ್ಟು ಕಾಯಬೇಕು, ಎಲ್ಲಿ ಕಾಯದೆ ಮುಂದುವರಿಯಬೇಕು ಎಂಬುದನ್ನು ನಿರ್ದೇಶಕ ತನ್ನ ಕಿವಿಯಿಂದಲೇ ತೂಗಿ ನೋಡಬೇಕು. ಕ್ಯೂಕರ್ ರಂಗಭೂಮಿಯಿಂದ ಬಂದವನು. ಕ್ಯಾಮರಾವನ್ನು ಕುಣಿಸುವ ಆತುರವಿಲ್ಲದೆ ಇಬ್ಬರು ಮೂವರು ನಟರನ್ನು ಒಂದೇ ಚೌಕಟ್ಟಿನಲ್ಲಿ ಬಹುಹೊತ್ತು ನಿಲ್ಲಿಸಬಲ್ಲ ಧೈರ್ಯ ಅವನಿಗಿತ್ತು. ಹೋವರ್ಡ್ ಹಾಕ್ಸ್‌ನಂತಹ ವೇಗಪ್ರಿಯ ನಿರ್ದೇಶಕನ ಕೈಯಲ್ಲಿ ಇದೇ ಕಥೆ ಬೇರೆಯೇ ಚಿತ್ರವಾಗುತ್ತಿತ್ತೆಂದು ನಮ್ಮ ಅಭಿಪ್ರಾಯ. ಬಹುಶಃ ಹೆಚ್ಚು ನಗೆ ಬರುತ್ತಿತ್ತು. ನಾಯಕಿಯ ಮೇಲಿನ ಕನಿಕರ ಬರುತ್ತಿರಲಿಲ್ಲ.

ಪಾತ್ರವರ್ಗದ ವಿಷಯ ಇಷ್ಟು ಸರಳವಾಗಿರಲಿಲ್ಲ. ಕಥೆಯ ಎಳೆಯನ್ನು ಇಲ್ಲಿ ಹೇಳುವುದು ಅವಶ್ಯಕ. ಫಿಲಡೆಲ್ಫಿಯದ ಸಿರಿವಂತರ ಮಗಳು ಟ್ರೇಸಿ ಲಾರ್ಡ್ ಮೊದಲ ಗಂಡನಾದ ಡೆಕ್ಸ್‌ಟರ್ ಹೇವನ್‌ನನ್ನು ತ್ಯಜಿಸಿ, ಕೆಳಗಿನಿಂದ ಮೇಲೆ ಬಂದ ಕಿಟ್ರಿಜ್ ಎಂಬುವನನ್ನು ವರಿಸಲು ಸಿದ್ಧಳಾಗಿದ್ದಾಳೆ. ಮದುವೆಯ ಮುನ್ನಾದಿನ ಹಳೆಯ ಗಂಡನೂ, ಮನೆಯ ಗುಟ್ಟನ್ನು ಹೊರಗೆಡಹಬಯಸುವ ಪತ್ರಿಕೆಯೊಂದರ ವರದಿಗಾರ ಮೈಕ್ ಕಾನರನೂ ಅಲ್ಲಿಗೆ ಬರುತ್ತಾರೆ. ಅಂತೂ ಮೂವರು ಗಂಡಸರು. ಡೆಕ್ಸ್‌ಟರ್ ಮತ್ತು ಮೈಕ್ ಪಾತ್ರಗಳಿಗೆ ಹೆಪ್‌ಬರ್ನ್ ಕೇಳಿದ್ದು ಕ್ಲಾರ್ಕ್ ಗೇಬಲ್ ಮತ್ತು ಸ್ಪೆನ್ಸರ್ ಟ್ರೇಸಿಯರನ್ನು, ಎಂದರೆ ಎಂ.ಜಿ.ಎಂ.ನ ಅತ್ಯುಚ್ಚ ತಾರೆಗಳನ್ನು. ಇಬ್ಬರೂ ದೊರೆಯಲಿಲ್ಲ. ಗೇಬಲ್ ನಾಯಕನಾಗಿದ್ದ ‘ಗಾನ್ ವಿತ್ ದಿ ವಿಂಡ್’ನ ನಿರ್ದೇಶನದಿಂದ ಕ್ಯೂಕರ್‌ನನ್ನು 1939ರಲ್ಲಿ ನಡುವೆಯೇ ತೆಗೆದುಹಾಕಲಾಗಿತ್ತೆಂಬುದನ್ನು ನೆನೆದರೆ, ಆ ನಿರ್ದೇಶಕನನ್ನೂ ಆ ನಟನನ್ನೂ ಒಟ್ಟಿಗೆ ಬಯಸುವುದು ಸುಲಭಸಾಧ್ಯವಾದ ಕೋರಿಕೆಯಾಗಿರಲಿಲ್ಲ. ಒಪ್ಪಿಗೆಯ ಹಕ್ಕೆಂದರೆ ಬಯಸಿದವರನ್ನು ತರಿಸುವ ಹಕ್ಕಲ್ಲ, ಬೇಡದವರನ್ನು ತಡೆಯುವ ಹಕ್ಕು ಮಾತ್ರ.

ಮೈಕ್ ಪಾತ್ರಕ್ಕೆ ಸ್ಟುಡಿಯೋ ತನ್ನ ಕರಾರಿನಲ್ಲಿದ್ದ ಜೇಮ್ಸ್ ಸ್ಟುವರ್ಟನನ್ನು ಕೊಟ್ಟಿತು. ಡೆಕ್ಸ್‌ಟರ್ ಪಾತ್ರಕ್ಕೆ ಹೊರಗಿನಿಂದ ಕೇರಿ ಗ್ರಾಂಟ್ ಬಂದನು. ಗ್ರಾಂಟ್ ಆ ವೇಳೆಗೆ ಯಾವ ಒಂದು ಸ್ಟುಡಿಯೋಗೂ ಅಧೀನನಾಗಿ ಉಳಿದಿರಲಿಲ್ಲವಾದ್ದರಿಂದ ಅವನೂ ತನ್ನ ಷರತ್ತುಗಳನ್ನು ಹೇಳಬಲ್ಲವನಾಗಿದ್ದನು. ನಾಮಾವಳಿಯಲ್ಲಿ ತನ್ನ ಹೆಸರು ಮೊದಲು ಬರಬೇಕೆಂದನು. ಸುಮಾರು 1,37,000 ಡಾಲರುಗಳ ಸಂಭಾವನೆಯನ್ನು ಪಡೆದು, ಅದನ್ನು ಯುದ್ಧದಲ್ಲಿ ಸಿಲುಕಿದ್ದ ತನ್ನ ತಾಯ್ನಾಡಾದ ಬ್ರಿಟನ್ನಿನ ಪರಿಹಾರನಿಧಿಗೆ ಅರ್ಪಿಸಿದನು. ನಾಟಕವನ್ನು ತನ್ನದಾಗಿಸಿಕೊಂಡಿದ್ದ ನಟಿಯ ಹೆಸರು ತೆರೆಯ ಮೇಲೆ ಎರಡನೆಯದಾಗಿ ಮೂಡಿತು. ಮೊದಲಲ್ಲಿ ನಾವು ಶಾಸನದ ಹೋಲಿಕೆ ಕೊಟ್ಟದ್ದು ಇದಕ್ಕಾಗಿಯೇ: ಹೆಸರಿನ ಕ್ರಮವನ್ನು ಮಾತ್ರ ನೋಡಿದವರು ಇಲ್ಲಿ ಅಧಿಕಾರದ ಕ್ರಮವನ್ನು ತಪ್ಪಾಗಿಯೇ ಓದುತ್ತಾರೆ. ಆಕೆ ಆ ಗೌರವವನ್ನು ಬಿಟ್ಟುಕೊಟ್ಟು ಅದಕ್ಕೆ ಪ್ರತಿಯಾಗಿ ಒಳ್ಳೆಯ ನಟನನ್ನು ಕೊಂಡಳು.

ದೊಡ್ಡ ನಟನೊಬ್ಬನನ್ನು ಆರಿಸಿದಾಗ ಕಥೆಯೂ ಅವನಿಗೆ ತಕ್ಕಂತೆ ಹಿಗ್ಗಬೇಕಾಗುತ್ತದೆ. ನಾಟಕದಲ್ಲಿ ಟ್ರೇಸಿಗೆ ಸ್ಯಾಂಡಿ ಎಂಬ ಅಣ್ಣನಿದ್ದಾನೆ. ಪತ್ರಿಕೆಯವರನ್ನು ಮನೆಗೆ ಬರಮಾಡಿಕೊಳ್ಳುವ ಹೊಣೆ ಅವನದು. ಚಿತ್ರದಲ್ಲಿ ಆ ಅಣ್ಣನೇ ಇಲ್ಲ. ಅವನ ಕೆಲಸವೆಲ್ಲ ಡೆಕ್ಸ್‌ಟರನಿಗೆ ವರ್ಗವಾಗಿದೆ. ಇದರಿಂದ ಗ್ರಾಂಟನ ಪಾತ್ರಕ್ಕೆ ತೂಕ ಬಂದಿತೆಂಬುದು ಒಂದು. ಕಥೆಯ ಸೂತ್ರವೇ ಹಳೆಯ ಗಂಡನ ಕೈಗೆ ಸೇರಿತೆಂಬುದು ಅದಕ್ಕಿಂತ ಮುಖ್ಯವಾದದ್ದು. ಆಗಿನ ನಿರ್ಮಾಣ ನಿಯಮಾವಳಿ 1934ರಿಂದ ಕಟ್ಟುನಿಟ್ಟಾಗಿ ಜಾರಿಯಲ್ಲಿದ್ದು ವ್ಯಭಿಚಾರವನ್ನು ಆಕರ್ಷಕವಾಗಿ ತೋರಿಸಗೊಡುತ್ತಿರಲಿಲ್ಲ. ವಿಚ್ಛೇದನ ಪಡೆದ ದಂಪತಿಗಳು ನಡುವೆ ಬೇರೆಯವರತ್ತ ಒಲಿದು ಕೊನೆಗೆ ತಮ್ಮತಮ್ಮಲ್ಲಿಯೇ ಮದುವೆಯಾಗುವ ಕಥೆ ಆ ನಿಯಮವನ್ನು ಮುರಿಯದೆಯೇ ಅದರ ಅಂಚಿನಲ್ಲಿ ಸುಳಿದಾಡಬಹುದಾಗಿತ್ತು. ತತ್ತ್ವಶಾಸ್ತ್ರಜ್ಞ ಸ್ಟ್ಯಾನ್ಲಿ ಕಾವೆಲ್ 1981ರ ತನ್ನ ಗ್ರಂಥದಲ್ಲಿ ಈ ಬಗೆಯ ಚಿತ್ರಗಳನ್ನು ‘ಪುನರ್ವಿವಾಹದ ವಿನೋದ’ವೆಂದು ಪ್ರತ್ಯೇಕ ಪ್ರಭೇದವಾಗಿಯೇ ಗುರುತಿಸಿದ್ದಾನೆ.

ಉಳಿದ ಪಾತ್ರಗಳ ಆಯ್ಕೆಯೂ ಚೊಕ್ಕವಾದದ್ದು. ಛಾಯಾಗ್ರಾಹಕಿಯಾಗಿ ರೂತ್ ಹಸ್ಸಿ, ಚಪಲದ ಮಾವನಾಗಿ ರೋಲಂಡ್ ಯಂಗ್, ಚೂಟಿಯಾದ ತಂಗಿಯಾಗಿ ವರ್ಜೀನಿಯ ವೀಡ್ಲರ್ ನಟಿಸಿದರು. ಕಿಟ್ರಿಜ್ ಪಾತ್ರದ ಜಾನ್ ಹೋವರ್ಡನ ಬಗ್ಗೆ ಒಂದು ಮಾತು ಹೇಳಬೇಕು. ನಿರಾಕೃತನಾಗುವ ವರನ ಪಾತ್ರಕ್ಕೆ ನಗೆ ಬರಿಸುವ ನಟ ಬೇಡ. ಉಳಿದವರ ನಗೆ ಅರ್ಥವಾಗದವನಂತೆ ನಿಲ್ಲಬಲ್ಲವನು ಬೇಕು. ಸ್ಟುವರ್ಟ್ ಕುಡಿದ ಅಮಲಿನಲ್ಲಿ ಗ್ರಾಂಟನ ಮನೆಗೆ ಬರುವ ದೃಶ್ಯದಲ್ಲಿ ಅವನ ಬಿಕ್ಕಳಿಕೆ ಪೂರ್ವನಿಯೋಜಿತವಲ್ಲವೆಂಬ ಕಥೆ ಬಹಳ ಪ್ರಚಾರದಲ್ಲಿದೆ. ನಟರ ನೆನಪುಗಳನ್ನು ಹೇಳಿಕೆಯ ಆಧಾರವಾಗಿ ಮಾತ್ರ ಬಳಸುವುದು ಕ್ಷೇಮ. ಆದರೆ ಚಿತ್ರವೇ ಇಲ್ಲಿ ಸಾಕ್ಷಿ ನುಡಿಯುತ್ತದೆ. ಗ್ರಾಂಟ್ ನಗೆಯನ್ನು ನುಂಗಿಕೊಳ್ಳಲು ಪಡುವ ಕಷ್ಟ ಯಾರ ಕಣ್ಣಿಗಾದರೂ ಬೀಳುವಂತಿದೆ. ಕ್ಯೂಕರ್ ಅದನ್ನು ಕತ್ತರಿಸದೆ ಉಳಿಸಿಕೊಂಡನು.

ಇನ್ನು ಚಿತ್ರದ ಆರಂಭದ ದೃಶ್ಯ. ನಾಟಕದಲ್ಲಿ ಇಲ್ಲದ ಈ ಭಾಗದಲ್ಲಿ ಒಂದು ಮಾತೂ ಇಲ್ಲ. ಡೆಕ್ಸ್‌ಟರ್ ಮನೆ ಬಿಟ್ಟು ಹೊರಟಿದ್ದಾನೆ. ಟ್ರೇಸಿ ಅವನ ಗಾಲ್ಫ್ ಕೋಲನ್ನು ಮೊಣಕಾಲಿಗೆ ಬಡಿದು ಮುರಿಯುತ್ತಾಳೆ. ಅವನು ಹೊಡೆಯಲು ಮುಷ್ಟಿಯೆತ್ತಿ, ತಡೆದುಕೊಂಡು, ಅಂಗೈಯಿಂದ ಆಕೆಯ ಮುಖವನ್ನು ನೂಕಿ ಕೆಡಹುತ್ತಾನೆ. ದರ್ಪದ ನಟಿಯೆಂದು ಬೇಸತ್ತಿದ್ದ ಪ್ರೇಕ್ಷಕರಿಗೆ ಆಕೆ ಮೊದಲ ನಿಮಿಷದಲ್ಲೇ ನೆಲಕ್ಕೆ ಬೀಳುವುದನ್ನು ತೋರಿಸಿ ಅವರನ್ನು ಒಲಿಸಿಕೊಳ್ಳುವ ಉಪಾಯವಿದು. ಉಪಾಯ ಫಲಿಸಿತು. ಆದರೆ ಗಂಡನ ಕೈ ಹೆಂಡತಿಯ ಮುಖದ ಮೇಲೆ ಬೀಳುವುದನ್ನು ನಗೆಯ ವಸ್ತುವಾಗಿ ಸ್ವೀಕರಿಸಲು ನಮಗೆ ಸಾಧ್ಯವಾಗುವುದಿಲ್ಲ. ತಂದೆಯ ಪರಸ್ತ್ರೀ ಸಂಗಕ್ಕೆ ಮಗಳ ತಣ್ಣನೆಯ ಸ್ವಭಾವವೇ ಕಾರಣವೆಂದು ತಂದೆಯೇ ಆಕ್ಷೇಪಿಸುವ ದೃಶ್ಯವಂತೂ ಇನ್ನೂ ಅಸಹನೀಯ. ನಾಯಕಿಯ ಈ ಮಾನಭಂಗಕ್ಕೆ ಆಕೆಯನ್ನು ಗುರಿಮಾಡಿದವನು ಯಾವನೋ ಸ್ಟುಡಿಯೋ ಯಜಮಾನನಾಗಿದ್ದರೆ ವಿಷಯ ಸುಲಭವಾಗಿತ್ತು. ಕಥೆಯನ್ನು ಒಪ್ಪಿದವಳೂ ನಿರ್ದೇಶಕನನ್ನು ಒಪ್ಪಿದವಳೂ ಆಕೆಯೇ. ತನ್ನ ವೃತ್ತಿಜೀವನವನ್ನು ಉಳಿಸಿಕೊಳ್ಳಲು ತೆರಬೇಕಾದ ಬೆಲೆ ಎಷ್ಟೆಂಬುದನ್ನು ಆಕೆ ಲೆಕ್ಕ ಹಾಕಿಯೇ ಇದ್ದಳೆಂದು ನಾವು ಭಾವಿಸುತ್ತೇವೆ.

ಚಿತ್ರ 1940ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ತೆರೆಕಂಡು ದೊಡ್ಡ ಗಳಿಕೆಯನ್ನು ತಂದಿತು. ಆರು ಅಕಾಡೆಮಿ ಪ್ರಶಸ್ತಿಗಳಿಗೆ ನಾಮನಿರ್ದೇಶಿತವಾಗಿ ಎರಡನ್ನು ಪಡೆಯಿತು: ಜೇಮ್ಸ್ ಸ್ಟುವರ್ಟನಿಗೆ ಅಭಿನಯಕ್ಕಾಗಿ, ಡೊನಾಲ್ಡ್ ಆಗ್ಡನ್ ಸ್ಟುವರ್ಟನಿಗೆ ಚಿತ್ರಕಥೆಗಾಗಿ. ಜೇಮ್ಸ್ ಸ್ಟುವರ್ಟನ ಪ್ರಶಸ್ತಿಫಲಕ ಪೆನ್ಸಿಲ್ವೇನಿಯದಲ್ಲಿ ಅವನ ತಂದೆಯ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಬಹುಕಾಲ ಪ್ರದರ್ಶಿತವಾಗಿತ್ತು. ಹೆಪ್‌ಬರ್ನಳಿಗೆ ಪ್ರಶಸ್ತಿ ಬರಲಿಲ್ಲ; ಆದರೆ ಎಂ.ಜಿ.ಎಂ.ನ ಬಾಗಿಲು ತೆರೆಯಿತು. ಕರಾರಿನ ಅವಧಿಯನ್ನು ಸ್ಟುಡಿಯೋಗಳು ಮನಬಂದಂತೆ ಹಿಗ್ಗಿಸಲಾಗದೆಂದು ಒಲಿವಿಯಾ ಡಿ ಹ್ಯಾವಿಲೆಂಡ್ ಮೊಕದ್ದಮೆಯಲ್ಲಿ ಕ್ಯಾಲಿಫೋರ್ನಿಯದ ನ್ಯಾಯಾಲಯ ತೀರ್ಪಿತ್ತದ್ದು 1944ರಲ್ಲಿ. ಸ್ಟುಡಿಯೋಗಳಿಗೂ ಚಿತ್ರಮಂದಿರಗಳಿಗೂ ಇದ್ದ ಒಡೆತನದ ನಂಟನ್ನು ಕಡಿಯುವ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 1948ರಲ್ಲಿ. ಈ ಎರಡಕ್ಕೂ ಮೊದಲೇ ಒಬ್ಬ ನಟಿ ಕಥೆಯ ಹಕ್ಕೊಂದನ್ನೇ ಹಿಡಿದು ಇಷ್ಟನ್ನು ಸಾಧಿಸಿದ್ದಳು.

1942ರ ‘ವುಮನ್ ಆಫ್ ದಿ ಇಯರ್’ ಚಿತ್ರದ ಕಥೆಯನ್ನೂ ಆಕೆಯೇ ತಂದು ಎಂ.ಜಿ.ಎಂ.ಗೆ ಮಾರಿಸಿದಳು. ಈ ಬಾರಿ ಸ್ಪೆನ್ಸರ್ ಟ್ರೇಸಿ ದೊರೆತನು. ನಿರ್ದೇಶನಕ್ಕೆ ಮಾತ್ರ ಆಕೆ ಕ್ಯೂಕರ್‌ನನ್ನು ಕರೆಯದೆ ಜಾರ್ಜ್ ಸ್ಟೀವನ್ಸ್‌ನನ್ನು ಆರಿಸಿದಳು. ಕಥೆಯ ನಾಯಕ ಕ್ರೀಡಾ ವರದಿಗಾರ. ಅಂತಹ ಗಂಡಸಿನ ಬಗೆಯನ್ನು ಒಳಗಿನಿಂದ ಬಲ್ಲ ನಿರ್ದೇಶಕ ಬೇಕೆಂಬುದು ಆಕೆಯ ವಾದ. ಚಿತ್ರ ಮುಗಿದ ಮೇಲೆ ಪೂರ್ವಪ್ರದರ್ಶನದಲ್ಲಿ ಮುಕ್ತಾಯ ಪ್ರೇಕ್ಷಕರಿಗೆ ಹಿಡಿಸಲಿಲ್ಲವೆಂದು ಸ್ಟುಡಿಯೋ ಅದನ್ನು ತೆಗೆದುಹಾಕಿಸಿ, ಜಗತ್ಪ್ರಸಿದ್ಧ ಪತ್ರಿಕಾಲೇಖಕಿಯಾದ ನಾಯಕಿ ಗಂಡನಿಗಾಗಿ ಉಪಾಹಾರ ಮಾಡಹೊರಟು ಅಡುಗೆಮನೆಯಲ್ಲಿ ಪೇಚಿಗೆ ಸಿಲುಕುವ ಹೊಸ ದೃಶ್ಯವನ್ನು ಚಿತ್ರೀಕರಿಸಿತು. ಅದು ಹೆಪ್‌ಬರ್ನಳಿಗೆ ಸ್ವಲ್ಪವೂ ಒಪ್ಪಿಗೆಯಾಗಲಿಲ್ಲ. ಇಂದಿಗೂ ಚಿತ್ರ ಆ ದೃಶ್ಯದೊಂದಿಗೇ ಮುಗಿಯುತ್ತದೆ.